ಜೊತೆಗೆ ಬಂದವರ ಹೇಳಿಕೆ

"ಜೊತೆಗೆ ಯಾರು ಬರ್ತಾರೆ?" ಎಂದು ನರ್ಸ್ ಫೋನಿನಲ್ಲಿ ಕೇಳಿದಳು.

"ಬರ್ತಾರೆ," ಎಂದ ಅವನು.

"ಯಾರು ಅಂತ ಬರ್ಕೋಬೇಕು."

"ಹೋದ ಸಲ ಬಂದಿದ್ದರಲ್ಲ, ದರ್ಜಿ."

"ಅವರೇನಾ?"

"ಅವರು ಊರಲ್ಲಿಲ್ಲ. ಮಗಳ ಬಾಣಂತನ."

"ಮತ್ತೆ ಅವರನ್ನ ಯಾಕೆ ಹೇಳ್ತೀರಿ? ನೋಡಿ, ನಾಳಿದ್ದು ಒಬ್ಬರೇ ಬಂದ್ರೆ ವಾಪಸ್ ಕಳಿಸ್ತೀವಿ. ಆಮೇಲೆ ನನ್ನ ಮೇಲೆ ರೇಗಬೇಡಿ."

ಅವನು ಯಾರ ಮೇಲೂ ರೇಗಿದವನಲ್ಲ. ನಲವತ್ತು ವರ್ಷ ಎಂಟು ಮಹಡಿಯ ಸರ್ಕಾರಿ ಕಚೇರಿಯಲ್ಲಿ ಲಿಫ್ಟ್ ಓಡಿಸಿದ್ದ. ಲಿಫ್ಟಿನೊಳಗೆ ರೇಗಿದರೆ ಎದ್ದು ಹೋಗಲು ಜಾಗವಿರುವುದಿಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತು ಜನ ಹೇಳಿದ ಸಂಖ್ಯೆ ಒತ್ತುವುದು, ಉಳಿದ ಹೊತ್ತು ಅವರ ಬೆನ್ನು ನೋಡುವುದು. ಯಾರಿಗೆ ಬಡ್ತಿ ತಪ್ಪಿತು, ಯಾರು ಮನೆಯಲ್ಲಿ ಜಗಳವಾಡಿಕೊಂಡು ಬಂದರು ಅನ್ನುವುದನ್ನು ಬೆನ್ನು ನೋಡಿಯೇ ಹೇಳುತ್ತಿದ್ದ. ಕಚೇರಿಯವರಿಗೆಲ್ಲ ಅವನು ಲಿಫ್ಟಣ್ಣ. ಈಗ ಇರುವುದು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯ ಬಾಡಿಗೆ ಕೋಣೆಯಲ್ಲಿ. ಕೆಳಗೆ ಅಂಗಡಿ ಇಟ್ಟ ದರ್ಜಿಗೆ ಇದು ಹೇಳಿ ಹೇಳಿ ಸವೆಯದ ಜೋಕು. "ಊರನ್ನೆಲ್ಲ ಮೇಲೆ ಹತ್ತಿಸಿದ ಮಹಾನುಭಾವ, ಈಗ ಕೂತು ಕೂತು ಮೆಟ್ಟಿಲು ಹತ್ತುತಾ ಇದಾನೆ ನೋಡಿ."

ಹೋದ ವರ್ಷ ಅವನ ಎಡಗಡೆಯ ಮೂತ್ರಪಿಂಡ ತೆಗೆದಿದ್ದರು. ಒಳಗೆ ಮುಷ್ಟಿ ಗಾತ್ರದ ಗಡ್ಡೆ ಇತ್ತಂತೆ. ಅದರದೊಂದು ತುಂಡನ್ನು ಆಸ್ಪತ್ರೆಯವರು ಶೀತಲ ಪೆಟ್ಟಿಗೆಯಲ್ಲಿ ತೆಗೆದಿಟ್ಟಿದ್ದರು. ಈ ವರ್ಷ ಸ್ಕ್ಯಾನಿನಲ್ಲಿ ಶ್ವಾಸಕೋಶದೊಳಗೆ ಮೂರು ಚುಕ್ಕಿ ಕಂಡವು. ಎರಡು ಬಗೆಯ ಮಾತ್ರೆ ಕೊಟ್ಟು ನೋಡಿದರು. ಬಾಯೆಲ್ಲ ಹುಣ್ಣಾಯಿತು, ಅಂಗಾಲು ಸುಲಿಯಿತು, ಚುಕ್ಕಿಗಳು ಮಾತ್ರ ಹಾಯಾಗಿದ್ದವು. ಆಗ ಡಾಕ್ಟರು ಈ ಹೊಸ ಅಧ್ಯಯನದ ಮಾತು ತೆಗೆದರು.

"ನಿಮ್ಮ ರಕ್ತದಿಂದ ಕೆಲವು ಕೋಶ ತೆಗೀತೀವಿ. ಲ್ಯಾಬಿನಲ್ಲಿ ಎಂಟು ದಿನ ಸಾಕ್ತೀವಿ. ಅವು ಮೈತುಂಬ ಕೊಂಬೆ ಬಿಟ್ಟುಕೊಂಡು ಬೆಳೀತವೆ, ಡೆಂಡ್ರಿಟಿಕ್ ಕೋಶ ಅಂತ ಹೆಸರು. ನಿಮ್ಮ ಗಡ್ಡೆಯನ್ನೇ ಅರೆದು ಅವಕ್ಕೆ ತಿನ್ನಿಸ್ತೀವಿ. ರುಚಿ ಹತ್ತಿದ ಮೇಲೆ ವಾಪಸ್ ನಿಮ್ಮ ಮೈಗೆ ಬಿಡ್ತೀವಿ. ಅವು ಹೋಗಿ ಉಳಿದ ಕೋಶಗಳಿಗೆ ತೋರಿಸ್ತವೆ, ಇಂಥದ್ದು ಎಲ್ಲಿ ಕಂಡ್ರೂ ಬಿಡಬೇಡಿ ಅಂತ."

"ಇಷ್ಟು ದಿನ ಅವಕ್ಕೆ ಗೊತ್ತಾಗಲಿಲ್ವಾ ಸಾರ್?"

"ನಿಮ್ಮ ಮೈಯಲ್ಲೇ ಹುಟ್ಟಿದ್ದಲ್ವಾ. ನಮ್ಮವನೇ ಅಂದ್ಕೊಂಡು ಸುಮ್ಮನಿದ್ದವು."

ಅವನಿಗೆ ಇದು ಥಟ್ಟನೆ ಅರ್ಥವಾಯಿತು. ಅವನ ಕಚೇರಿಯ ಬಾಗಿಲಲ್ಲಿದ್ದ ಕಾವಲುಗಾರ ಇಸ್ತ್ರಿ ಮಾಡಿದ ಅಂಗಿ ಕಂಡರೆ ಸಲಾಮು ಹೊಡೆದು ಒಳಗೆ ಬಿಡುತ್ತಿದ್ದ. ಹಳೆಯ ಪೇದೆಯೊಬ್ಬ ಬಂದು ಕಿವಿಯಲ್ಲಿ "ಅವನನ್ನ ಬಿಡಬೇಡ" ಅಂದರೆ ಮಾತ್ರ ತಡೆಯುತ್ತಿದ್ದ.

"ವಾಸಿ ಆಗುತ್ತಾ?"

"ಗ್ಯಾರಂಟಿ ಇಲ್ಲ. ಕೆಲವರಲ್ಲಿ ಬೆಳೆಯೋದು ನಿಂತಿದೆ. ಕೆಲವರಲ್ಲಿ ಏನೂ ಆಗಿಲ್ಲ. ಬೇರೆ ದಾರಿ ಇದ್ದಿದ್ರೆ ನಾನೇ ಹೇಳ್ತಿದ್ದೆ."

ಕೋಶ ತೆಗೆದ ದಿನ ದರ್ಜಿ ಅಂಗಡಿ ಮುಚ್ಚಿಕೊಂಡು ಜೊತೆಗೆ ಬಂದಿದ್ದ. ನಾಲ್ಕು ಗಂಟೆ ಕುರ್ಚಿಯಲ್ಲಿ ಅಲ್ಲಾಡದೆ ಕೂರಬೇಕಿತ್ತು. ಒಂದು ಕೈಯಿಂದ ರಕ್ತ ಹೊರಗೆ ಹೋಗಿ ಯಂತ್ರದಲ್ಲಿ ಗಿರಗಿರ ತಿರುಗಿ ಇನ್ನೊಂದು ಕೈಯಿಂದ ಒಳಗೆ ಬರುತ್ತಿತ್ತು. ಮೂಗು ತುರಿಸಿದರೆ ದರ್ಜಿಯೇ ತುರಿಸಬೇಕು. "ನಮ್ಮಪ್ಪನಿಗೂ ಇಷ್ಟು ಸೇವೆ ಮಾಡಿಲ್ಲ ಮಾರಾಯ," ಎಂದು ದರ್ಜಿ ಗೊಣಗುತ್ತಲೇ ತುರಿಸಿದ. ಎಂಟು ದಿನದ ಮೇಲೆ ಲ್ಯಾಬಿನಿಂದ ಸುದ್ದಿ ಬಂತು: ಐದು ಪುಟ್ಟ ಸೀಸೆ ತಯಾರಾಗಿವೆ, ಹೆಪ್ಪುಗಟ್ಟಿಸಿ ಇಟ್ಟಿದ್ದೇವೆ, ಹದಿನೈದು ದಿನಕ್ಕೊಂದು. ಗಡ್ಡೆಯ ತುಂಡು ಅಲ್ಲಿಗೆ ಮುಗಿಯಿತು. ಇನ್ನೊಂದು ಸಲ ಮಾಡಲು ಸಾಮಾನಿಲ್ಲ.

ನರ್ಸಿನ ಫೋನು ಇಟ್ಟಮೇಲೆ ಅವನು ಬೀರುವಿನ ಬಾಗಿಲು ತೆಗೆದ. ಒಳಬದಿಗೆ ಪೆನ್ಸಿಲ್ಲಿನಲ್ಲಿ ಬರೆದಿದ್ದ ನಂಬರು ಇನ್ನೂ ಮಾಸಿರಲಿಲ್ಲ. ಏಳು ವರ್ಷವಾಗಿತ್ತು ಅದಕ್ಕೆ ಫೋನು ಮಾಡಿ.

"ಯಾರು?"

"ನಾನು."

ಅಕ್ಕ ದನಿಯ ಗುರುತು ಹಿಡಿದಳು. "ಇನ್ನೂ ಇದ್ದೀಯಾ?"

"ಸದ್ಯಕ್ಕೆ ಇದ್ದೀನಿ."

"ಏನು ಬೇಕಾಗಿತ್ತು?"

ಅವನು ಹೇಳಿದ. ಮೂತ್ರಪಿಂಡ, ಚುಕ್ಕಿ, ಇಂಜೆಕ್ಷನ್ನು, ಜೊತೆಗೊಬ್ಬರು ಇರಲೇಬೇಕು ಅನ್ನುವ ನಿಯಮ. "ಸುಮ್ಮನೆ ಕೂತಿದ್ರೆ ಸಾಕು. ಮೂರು ಗಂಟೆ."

"ಗಿಡ್ಡ," ಎಂದಳು ಅಕ್ಕ. ಆಮೇಲೆ, "ಎಷ್ಟು ಗಂಟೆಗೆ ಬರಲಿ?"

ಅವನನ್ನು ಗಿಡ್ಡ ಎಂದು ಕರೆಯುವವರು ಲೋಕದಲ್ಲಿ ಅವಳೊಬ್ಬಳೇ ಉಳಿದಿದ್ದಳು. ಅವನ ನಿಜವಾದ ಹೆಸರು ಗೊತ್ತಿದ್ದವಳೂ ಅವಳೊಬ್ಬಳೇ.

ಮನೆಯಲ್ಲಿ ಮೂವರು ಮಕ್ಕಳು. ಅಕ್ಕ, ಅಣ್ಣ, ಇವನು. ಅಣ್ಣ ಉದ್ದಕ್ಕಿದ್ದ, ಹತ್ತನೇ ಇಯತ್ತೆ ಪಾಸಾಗಿದ್ದ, ಲಿಫ್ಟ್ ಓಡಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದ. ಹದಿನೆಂಟು ತುಂಬಿದ ವರ್ಷವೇ ಜ್ವರ ಬಂದು ಹನ್ನೊಂದನೇ ದಿನಕ್ಕೆ ಸತ್ತ. ಅವನು ಸತ್ತು ಮೂರು ವಾರಕ್ಕೆ ಕೆಲಸದ ಕಾಗದ ಬಂತು. ಅಪ್ಪ ಮೊದಲೇ ಇರಲಿಲ್ಲ. ಅಮ್ಮ ಕಾಗದವನ್ನು ಅಕ್ಕನ ಕೈಲಿ ಎರಡು ಸಲ ಓದಿಸಿ, ಎದ್ದು ಹೋಗಿ, ಅಣ್ಣನ ಪ್ಯಾಂಟನ್ನು ನಾಲ್ಕು ಬೆರಳು ಮಡಿಸಿ ಹೊಲಿದಳು. ಇವನಿಗೆ ಆಗ ಹದಿನೈದು. ಏಳನೇ ಇಯತ್ತೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. "ನಾಳೆಯಿಂದ ನೀನೇ ಅವನು," ಎಂದಳು ಅಮ್ಮ. ಶಾಲೆಯ ಸರ್ಟಿಫಿಕೇಟಿನಲ್ಲಿ ಫೋಟೋ ಇರುತ್ತಿರಲಿಲ್ಲ. ಅಣ್ಣ ಸತ್ತದ್ದನ್ನು ಯಾವ ಕಚೇರಿಯಲ್ಲೂ ಬರೆಸಲಿಲ್ಲ. ಮನೆ ಬದಲಾಯಿಸಿದರು. ನಾಲಿಗೆ ತಪ್ಪಬಾರದೆಂದು ಅಮ್ಮ ಮನೆಯೊಳಗೂ ಇವನನ್ನು ಅಣ್ಣನ ಹೆಸರಿನಿಂದಲೇ ಕರೆಯತೊಡಗಿದಳು. ಜೋರಾಗಿ ಅತ್ತರೆ ಅಕ್ಕಪಕ್ಕದವರು ಯಾರು ಸತ್ತರೆಂದು ಕೇಳುತ್ತಾರೆ ಎಂದು ಅಳುವುದಕ್ಕೂ ಬಿಡಲಿಲ್ಲ.

ಅಕ್ಕ ಮಾತ್ರ ಬಗ್ಗಲಿಲ್ಲ. ಅವಳು ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಅಚ್ಚಿನ ತಪ್ಪು ತಿದ್ದಿದವಳು. ಕೆಲಸ ಸಿಗುವ ಮೊದಲೂ ಅದೇ ಸ್ವಭಾವ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಎದ್ದು ಬಂದವರಿಂದ ಎದೆಗೆ ಒದೆಸಿಕೊಳ್ಳುವವಳು. ಅವಳಿಗೆ ಇವನು ಗಿಡ್ಡನೇ. ಇವನಿಗೊಮ್ಮೆ ಹೆಣ್ಣು ನೋಡಿದ್ದರು. ಯಾವ ಹೆಸರಿನಲ್ಲಿ ಮದುವೆಯಾಗುತ್ತೀಯ ಎಂದು ಅಕ್ಕ ಕೇಳಿದಳು. ಮದುವೆ ಆಗಲಿಲ್ಲ, ಅಷ್ಟೆ.

ನಿವೃತ್ತಿಯ ದಿನ ಕಚೇರಿಯವರು ಅಣ್ಣನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದ ಬಿನ್ನವತ್ತಳೆಗೆ ಗಾಜು ಹಾಕಿಸಿ ಕೊಟ್ಟರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ಎದ್ದು ಹೊರಗೆ ನಡೆದಳು. ಗೇಟಿನ ಹತ್ತಿರ ಹಿಡಿದು ನಿಲ್ಲಿಸಿದರೆ, "ನಲವತ್ತು ವರ್ಷ ಅವನನ್ನ ತಿಂದೆ. ಈಗ ಚೌಕಟ್ಟು ಬೇರೆ ಹಾಕಿಸಿಕೊಂಡೆ," ಎಂದಳು. ಅದೇ ಕೊನೆಯ ಮಾತು.

ಇಂಜೆಕ್ಷನ್ನಿನ ದಿನ ಅಕ್ಕ ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದು ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನೋ ಇದು, ಇದ್ದ ನಾಲ್ಕು ಮೂಳೆಯಲ್ಲಿ ಎರಡು ಮಾರಿಕೊಂಡಿದ್ದೀಯಾ?"

"ಮಾತ್ರೆ ತಿಂದು ಹಾಗಾಗಿದೆ."

"ಊಟ ಯಾರು ಮಾಡಿಹಾಕ್ತಾರೆ?"

"ನಾನೇ."

"ಅದಕ್ಕೇ ಮತ್ತೆ."

ಪಕ್ಕದಲ್ಲಿ ಜಾಗ ಬಿಟ್ಟಳು. ಅವನು ಕೂತ. ಎದುರಿನ ಗೋಡೆಯಲ್ಲಿ ಕೈ ತೊಳೆಯುವ ಬಗೆಯನ್ನು ಆರು ಚಿತ್ರಗಳಲ್ಲಿ ಬಿಡಿಸಿದ್ದರು. ಅಕ್ಕ ಅದರ ಕೆಳಗಿನ ಸಾಲು ಓದಿ, "ಎರಡು ತಪ್ಪಿದೆ," ಎಂದಳು. ಅವನಿಗೆ ನಗು ಬಂತು. ಬಹಳ ದಿನದಿಂದ ಯಾರ ಪಕ್ಕದಲ್ಲೂ ಹೀಗೆ ಸುಮ್ಮನೆ ಕೂತಿರಲಿಲ್ಲ ಅನ್ನಿಸಿತು. ಬಂದದ್ದಕ್ಕೆ ಏನಾದರೂ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ನರ್ಸ್ ಬಂದು ಅವನನ್ನು ಒಳಗೆ ಕರೆದಳು.

ಒಳಗೆ ಪರದೆ ಎಳೆದ ಮಂಚ. ನರ್ಸ್ ಹೆಸರು ಕೇಳಿದಳು, ಹುಟ್ಟಿದ ದಿನ ಕೇಳಿದಳು. ಅವನು ಅಣ್ಣನ ಹೆಸರು ಹೇಳಿದ, ಅಣ್ಣ ಹುಟ್ಟಿದ ದಿನ ಹೇಳಿದ. ಅದು ತಡೆಯಿಲ್ಲದೆ ಬರುತ್ತಿತ್ತು. ಅವಳು ಮಣಿಕಟ್ಟಿನ ಪಟ್ಟಿ ನೋಡಿ ಸರಿ ಎಂದಳು. ಲ್ಯಾಬಿನಾಕೆ ಸ್ಟೀಲಿನ ಡಬ್ಬಿ ಹಿಡಿದು ಬಂದಳು. ಮುಚ್ಚಳ ತೆಗೆದರೆ ಬಿಳಿ ಹೊಗೆ ಮೆಲ್ಲಗೆ ಅಂಚು ದಾಟಿ ಕೆಳಗಿಳಿಯಿತು. ಅದರೊಳಗಿಂದ ಕಿರುಬೆರಳಿನಷ್ಟು ಸೀಸೆ ಎತ್ತಿ ಬಿಸಿನೀರಿನ ಪಾತ್ರೆಯಲ್ಲಿ ಅದ್ದಿ, ಗಡಿಯಾರದ ಗುಂಡಿ ಒತ್ತಿದಳು.

"ಇಷ್ಟೇನಾ?" ಎಂದ ಅವನು.

"ಇಷ್ಟರಲ್ಲೇ ಕೋಟಿಗಟ್ಟಲೆ ಇದಾವೆ. ಎಂಟು ದಿನ ಮೂರು ಹೊತ್ತು ನೋಡ್ಕೊಂಡಿದ್ದೀನಿ, ಮಕ್ಕಳನ್ನೂ ಹಾಗೆ ನೋಡ್ಕೊಂಡಿಲ್ಲ. ಕರಗಿದ ಮೇಲೆ ಒಂದು ಗಂಟೆ ಬದುಕ್ತವೆ. ಅಷ್ಟರಲ್ಲಿ ನಿಮ್ಮ ಮೈಗೆ ಸೇರಬೇಕು."

"ಸೀಸೆ ಕರಗ್ತಾ ಇರ್ಲಿ, ನಾನು ಹೊರಗಿನ ಫಾರಂ ಮುಗಿಸಿ ಬರ್ತೀನಿ," ಎಂದು ನರ್ಸ್ ಹೊರಟಳು.

"ಏನು ಫಾರಂ?"

"ಜೊತೆಗೆ ಬಂದವರ ಹೇಳಿಕೆ. ರೋಗಿ ಯಾರು, ಏನಾಗಬೇಕು ಅಂತ ಅವರನ್ನ ಬೇರೆಯಾಗಿ ಕೇಳ್ತೀವಿ. ಸೀಸೆ ಅದಲುಬದಲಾಗಬಾರದಲ್ಲ. ಹೋದ ಸಲ ನಿಮ್ಮ ದರ್ಜಿಯನ್ನೂ ಕೇಳಿದ್ವಿ."

ದರ್ಜಿ ಅದನ್ನು ಹೇಳಿರಲಿಲ್ಲ. ಹೇಳುವಂಥದ್ದೇನಿತ್ತು ಅದರಲ್ಲಿ? ದರ್ಜಿಗೆ ಗೊತ್ತಿದ್ದದ್ದು ಒಂದೇ ಹೆಸರು. ಅವನು ಎದ್ದು ಕೂರಲು ಹೋದ. ಲ್ಯಾಬಿನಾಕೆ, "ಮಲಗಿ, ಮಲಗಿ," ಎಂದು ಭುಜ ಒತ್ತಿದಳು. ಪರದೆಯ ಆಚೆ, ತೆರೆದ ಬಾಗಿಲಿನ ಹೊರಗೆ, ನರ್ಸಿನ ದನಿ ಕೇಳಿತು.

"ರೋಗಿಯ ಹೆಸರು?"

ಅಕ್ಕ ಹೇಳಿದಳು. ಅದು ಅವನ ಹೆಸರು. ಅಮ್ಮ ಹೊಲಿದ ಪ್ಯಾಂಟು ಹಾಕಿಕೊಂಡ ದಿನದಿಂದ ಯಾರೂ ಗಟ್ಟಿಯಾಗಿ ಹೇಳದ ಹೆಸರು.

"ಅಲ್ಲಮ್ಮ, ರೋಗಿಯ ಹೆಸರು."

"ಅದನ್ನೇ ಹೇಳ್ತಾ ಇರೋದು."

ನರ್ಸ್ ಫೈಲಿನಲ್ಲಿದ್ದ ಹೆಸರನ್ನು ಓದಿದಳು. "ಮನೇಲಿ ಬೇರೆ ಹೆಸರಿಂದ ಕರೀತೀರಾ?"

"ಮನೇಲಿ ಗಿಡ್ಡ ಅಂತೀವಿ. ನೀವು ಓದಿದ್ರಲ್ಲ, ಅದು ನನ್ನ ಇನ್ನೊಬ್ಬ ತಮ್ಮ. ಅವನು ಸತ್ತು ನಲವತ್ತೇಳು ವರ್ಷ ಆಯ್ತು."

ಲ್ಯಾಬಿನಾಕೆ ನೀರಿನಿಂದ ಸೀಸೆ ಎತ್ತಿದಳು. ಮತ್ತೆ ಅದ್ದಲಿಲ್ಲ, ಕೆಳಗೂ ಇಡಲಿಲ್ಲ.

ಡಾಕ್ಟರು ಬರಲು ಹತ್ತು ನಿಮಿಷ ಹಿಡಿಯಿತು. ನರ್ಸ್ ಬಾಗಿಲ ಹತ್ತಿರ ಉಗುರು ಕಚ್ಚುತ್ತ ನಿಂತಿದ್ದಳು. ಹೇಳಿಕೆ ಬರೆಸಿಕೊಂಡ ಮೇಲೆಯೇ ಸೀಸೆ ಕರಗಿಸಬೇಕೆನ್ನುವುದು ನಿಯಮ. ಹೇಗೂ ಎಲ್ಲರೂ ಸರಿಯಾಗಿಯೇ ಹೇಳುತ್ತಾರೆಂದು ಅವಳು ಹೊತ್ತು ಉಳಿಸಲು ಎರಡನ್ನೂ ಒಟ್ಟಿಗೆ ಮಾಡುತ್ತ ಬಂದಿದ್ದಳು. ಡಾಕ್ಟರು ಅವಳ ಕಡೆ ಒಮ್ಮೆ ನೋಡಿದರು, ಬಯ್ಯಲಿಲ್ಲ. ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತರು.

"ನೀವು ಯಾರು?" ಎಂದರು.

"ನಾನೇ ಸಾರ್."

"ಕೋಶ ತೆಗೆದ ದಿನ ಆ ಕುರ್ಚಿಯಲ್ಲಿ ಕೂತವರು ನೀವೇ. ನಾನೇ ನೋಡಿದ್ದೀನಿ. ನನಗೆ ಅನುಮಾನ ಇಲ್ಲ. ಆದ್ರೆ ನನಗೆ ಅನುಮಾನ ಇಲ್ಲ ಅಂದ್ರೆ ಸಾಲದು." ಫೈಲನ್ನು ಮುಚ್ಚಿದರು. "ಬೇರೆಯವರ ಕೋಶ ಒಳಗೆ ಹೋದ್ರೆ ಅಪಾಯ, ಅದಕ್ಕೇ ಇಷ್ಟು ಕಟ್ಟುನಿಟ್ಟು. ಹೆಸರು ತಾಳೆ ಆಗಲಿಲ್ಲ ಅಂದ್ರೆ ಸೀಸೆ ಕೊಡೋ ಹಾಗಿಲ್ಲ. ಫೈಲಿನ ಹೆಸರೇ ಸುಳ್ಳು ಅಂತಾದ್ರೆ ನೀವು ಹಾಕಿದ ಒಪ್ಪಿಗೆ ಸಹಿನೂ ಸುಳ್ಳು. ಸಮಿತಿ ನಿಮ್ಮನ್ನ ಹೊರಗೆ ಹಾಕುತ್ತೆ. ಇದೊಂದೇ ಅಲ್ಲ, ಐದನ್ನೂ ನಾಶ ಮಾಡಬೇಕಾಗುತ್ತೆ."

"ಮತ್ತೆ ಮಾಡಕ್ಕಾಗಲ್ವಾ?"

"ಯಾವುದರಿಂದ ಮಾಡಲಿ?"

ಡಾಕ್ಟರು ಫೈಲನ್ನು ಪಕ್ಕಕ್ಕಿಟ್ಟರು.

"ವಯಸ್ಸಾದವರಿಗೆ ಹೆಸರು ಅದಲುಬದಲಾಗುತ್ತೆ," ಎಂದರು ಡಾಕ್ಟರು. "ನಿಮ್ಮ ಅಕ್ಕನಿಗೆ ಹಾಗಾಗಿದ್ರೆ, ಅವರೇ ಬಂದು ತಿದ್ದಿ ಸಹಿ ಹಾಕಬಹುದು. ನಾನು ಅವರಿಗೆ ಏನೂ ಹೇಳಿಕೊಡೋ ಹಾಗಿಲ್ಲ."

ಎದ್ದು ಹೋಗಿ ಕಿಟಕಿಯ ಕಡೆ ಮುಖ ಮಾಡಿ ನಿಂತರು. ಆ ಬೆನ್ನನ್ನು ಅವನು ಓದಿದ. ಹೋಗಿ ಮಾತಾಡು, ನಾನು ನೋಡಿಲ್ಲ, ಅನ್ನುತ್ತಿತ್ತು.

ಅಕ್ಕ ಬೆಂಚಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಅವನು ಆಸ್ಪತ್ರೆಯ ನೀಲಿ ನಿಲುವಂಗಿಯಲ್ಲೇ ಬಂದು ಪಕ್ಕದಲ್ಲಿ ಕೂತ.

"ನಾನೇನು ತಪ್ಪು ಹೇಳಿದೆ?" ಎಂದಳು.

"ತಪ್ಪೇನೂ ಹೇಳಲಿಲ್ಲ."

"ಮತ್ತೆ ಆ ಹುಡುಗಿ ಯಾಕೆ ಹಾಗೆ ಮುಖ ಮಾಡಿಕೊಂಡು ಓಡಿದಳು?"

ಅವನು ಸುತ್ತಿ ಬಳಸಲಿಲ್ಲ. "ಇಲ್ಲೂ ನಾನು ಅವನೇ. ಅವನ ಹೆಸರು ಹೇಳಿದ್ರೆ ಇಂಜೆಕ್ಷನ್ ಕೊಡ್ತಾರೆ. ನನ್ನ ಹೆಸರು ಹೇಳಿದ್ರೆ ಐದನ್ನೂ ಎಸೀತಾರೆ. ಮತ್ತೆ ಮಾಡಕ್ಕಾಗಲ್ಲ."

"ಇದಕ್ಕೇ ಕರೆಸಿದ್ಯಾ ನನ್ನ?"

"ಇಲ್ಲ. ನಿನ್ನನ್ನ ಕೇಳ್ತಾರೆ ಅಂತ ಗೊತ್ತಿರಲಿಲ್ಲ. ಗೊತ್ತಿದ್ರೆ ದಾರೀಲಿ ಹೋಗೋ ಯಾರನ್ನಾದ್ರೂ ಕರ್ಕೊಂಡು ಬರ್ತಿದ್ದೆ."

"ದಾರೀಲಿ ಹೋಗೋನು ಆಗ್ತಾನೆ, ಒಡಹುಟ್ಟಿದವಳು ಆಗಲ್ಲ."

"ಆಗಲ್ಲ."

ಅಕ್ಕ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದಳು. ಮತ್ತೆ ಹಾಕಿಕೊಳ್ಳಲಿಲ್ಲ. "ಎಷ್ಟು ಹೊತ್ತಿದೆ?"

ಅವನು ಗೋಡೆಯ ಗಡಿಯಾರ ನೋಡಿದ. "ಮೂವತ್ತೈದು ನಿಮಿಷ."

"ಅಮ್ಮ ಸಾಯೋವಾಗ ಅವನ ಹೆಸರು ಹಿಡಿದು ಕರೆದಳು. ನೀನು ಹೋಗಿ, ಬಂದೆ ಅಮ್ಮ ಅಂದೆ. ಅವಳು ಕರೆದದ್ದು ನಿನ್ನನ್ನೋ ಅವನನ್ನೋ, ನನಗೆ ಇವತ್ತಿಗೂ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ."

"ಅವನು ಸತ್ತ ಅನ್ನೋದಕ್ಕೆ ಒಂದು ಚೀಟಿ ಇಲ್ಲ ಕಣೋ. ನಾನು ನಿನ್ನ ಗಿಡ್ಡ ಅಂತ ಕರೀತಿದ್ದೆನಲ್ಲ, ಅದೊಂದೇ ಇದ್ದದ್ದು." ಅವಳ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಈಗ ಒಳಗೆ ಹೋಗಿ ನೀನೇ ಅವನು ಅಂತ ಹೇಳಿದ್ರೆ, ಅವನು ಸತ್ತೇ ಇಲ್ಲ ಅಂತಾಯ್ತು. ಆದ್ರೆ ಒಬ್ಬ ತಮ್ಮ ಸತ್ತಿದಾನೆ ಅಂತ ಆಗಲೇ ಹೇಳಿಬಿಟ್ಟಿದ್ದೀನಿ. ಹಾಗಾದ್ರೆ ಸತ್ತವನು ಯಾರು? ಕೇಳೇ ಕೇಳ್ತಾರೆ."

"ನಾನು ಅಂತ ಹೇಳು."

"ಆಗಬಹುದಾ ನಿಂಗೆ?"

"ಆಗಬಹುದು."

ಅವಳು ಅವನ ಮುಖವನ್ನೇ ನೋಡಿದಳು. ಕನ್ನಡಕವಿಲ್ಲದೆ ಎಷ್ಟು ಕಂಡಿತೋ. ಆಮೇಲೆ ಚೀಲವನ್ನು ಅವನ ತೊಡೆಗೆ ದಾಟಿಸಿ ಎದ್ದಳು. "ಹಿಡ್ಕೋ ಇದನ್ನ," ಎಂದಳು. ಎರಡು ಹೆಜ್ಜೆ ಇಟ್ಟು ತಿರುಗಿ, "ಬೇಡ, ನೀನು ಹೋಗಿ ಮಲಗು. ನೀನು ಇಲ್ಲಿದ್ರೆ ನನಗೆ ಬಾಯಿ ಬರಲ್ಲ," ಎಂದು ಚೀಲ ವಾಪಸ್ ಇಸಿದುಕೊಂಡಳು.

ಅವನು ಮಂಚದ ಮೇಲೆ ಮಲಗಿ ಕೇಳಿದ. ಬಾಗಿಲು ಈಗಲೂ ತೆರೆದೇ ಇತ್ತು. ಡಾಕ್ಟರೂ ಅಲ್ಲೇ ನಿಂತಿದ್ದರು.

ಅಕ್ಕ ಅಣ್ಣನ ಹೆಸರು ಹೇಳಿದಳು. ಹುಟ್ಟಿದ ದಿನ, ತಿಂಗಳು, ವರ್ಷ ಹೇಳಿದಳು. ಕೇಳದಿದ್ದರೂ ಅದು ಮಂಗಳವಾರವಾಗಿತ್ತು ಎಂದಳು. "ನನ್ನ ತಮ್ಮ. ನನಗಿಂತ ಎರಡು ವರ್ಷ ಚಿಕ್ಕವನು."

"ಮತ್ತೆ ಮೊದಲು ಹೇಳಿದ್ರಲ್ಲಮ್ಮ, ಸತ್ತವರು ಅಂತ?" ನರ್ಸಿನ ದನಿ ಕೆಳಗಿಳಿದಿತ್ತು.

"ಅದು ಕಿರಿಯವನು. ಇಬ್ಬರ ಹೆಸರೂ ಹಿಂದುಮುಂದಾಯ್ತು ನನಗೆ. ವಯಸ್ಸಾಯ್ತಲ್ಲ."

"ಏನಾಗಿತ್ತು ಅವರಿಗೆ?" ಇದನ್ನು ಕೇಳಿದ್ದು ಡಾಕ್ಟರು. ಯಾಕೆ ಕೇಳಿದರೋ, ಫಾರಂನಲ್ಲಿ ಅದಕ್ಕೆ ಜಾಗವಿದ್ದಿರಲಾರದು.

"ಜ್ವರ. ಹನ್ನೊಂದು ದಿನ. ಹದಿನೈದು ವರ್ಷ ಅವನಿಗೆ. ಗಿಡ್ಡಕ್ಕಿದ್ದ. ಓದು ತಲೆಗೆ ಹತ್ತುತಿರಲಿಲ್ಲ, ಅದಕ್ಕೆ ನನ್ನ ಕೈಲಿ ಹೊಡೆತ ತಿಂತಿದ್ದ. ಹೊಡೆದ್ರೆ ಅಳ್ತಿರಲಿಲ್ಲ, ನಗ್ತಿದ್ದ. ಆಮೇಲೆ ನನ್ನ ಹಿಂದೆಯೇ ಸುತ್ತೋನು. ಸಾಕಲ್ವಾ? ಎಲ್ಲಿ ಸಹಿ ಹಾಕಬೇಕು?"

ಮೇಲಿನ ಚಾವಣಿಯಲ್ಲಿ ಚೌಕ ಚೌಕ ಹಲಗೆ. ಅವನು ಅವನ್ನು ಎಣಿಸಲು ಶುರುಮಾಡಿದ್ದವನು ಹದಿನಾಲ್ಕಕ್ಕೆ ಮರೆತ.

ಸೀಸೆ ಕರಗಿ ನಲವತ್ತೊಂಬತ್ತು ನಿಮಿಷವಾಗಿತ್ತು. ಲ್ಯಾಬಿನಾಕೆ ಅದನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿ ನರ್ಸಿನ ಕೈಗೆ ಕೊಟ್ಟಳು. ತೊಡೆಯ ಸಂದಿಯ ಹತ್ತಿರ ಸೂಜಿ ಚರ್ಮದ ಮೇಲ್ಪದರದಲ್ಲೇ ಸರಿಯಿತು. ಸೊಳ್ಳೆ ಕಚ್ಚಿದಂಥ ಗುಳ್ಳೆ ಎದ್ದಿತು. ಅಷ್ಟಕ್ಕೇ ಮುಗಿಯಿತು.

"ಸಂಜೆಗೆ ಅಲ್ಲಿ ಕೆಂಪಗಾದ್ರೆ ಹೆದರಬೇಡಿ," ಎಂದಳು ನರ್ಸ್. ಅವಳ ಮುಖಕ್ಕೆ ಬಣ್ಣ ವಾಪಸ್ ಬಂದಿತ್ತು. "ಸ್ವಲ್ಪ ಜ್ವರ ಬರಬಹುದು. ಬಂದ್ರೆ ಒಳ್ಳೇದೇ. ಅವು ಕೆಲಸ ಶುರು ಮಾಡಿದಾವೆ ಅಂತ. ಹದಿನೈದು ದಿನಕ್ಕೆ ಎರಡನೇದು. ಇವತ್ತು ರಾತ್ರಿ ಒಬ್ಬರೇ ಇರಬಾರದು, ಅಕ್ಕ ಇರ್ತಾರಲ್ಲ?"

"ಇರ್ತಾರೆ," ಎಂದ.

ಒಂದು ಗಂಟೆ ಅಲ್ಲೇ ಮಲಗಿರಬೇಕಿತ್ತು. ಅಕ್ಕ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಳು. ಗೋಡೆಯ ಮೇಲೆ ಓದುವುದಕ್ಕೆ ಏನೂ ಇರಲಿಲ್ಲ. ನೀರು ಬೇಕಾ ಎಂದು ಕೇಳಿದಳು, ಬೇಡ ಎಂದ. ಮತ್ತೆ ಹತ್ತು ನಿಮಿಷಕ್ಕೆ ಅದನ್ನೇ ಕೇಳಿದಳು. ಈ ಸಲ ಅವನು ಕುಡಿದ.

"ಹದಿನೈದು ದಿನಕ್ಕೆ ಮತ್ತೆ ಬರಬೇಕು," ಎಂದ.

"ಕೇಳಿಸ್ಕೊಂಡೆ."

"ನೀನು..."

"ದರ್ಜಿ ಬಂದಿರ್ತಾನಲ್ಲ ಅಷ್ಟು ಹೊತ್ತಿಗೆ. ಅವನನ್ನ ಕರ್ಕೊಂಡು ಬಾ. ಅವನಿಗೆ ಸುಳ್ಳು ಹೇಳೋ ಕಷ್ಟ ಇಲ್ಲ."

ಕೆಳಗಿಳಿಯಲು ಇಬ್ಬರೂ ಲಿಫ್ಟಿಗೆ ಹೋದರು. ಓಡಿಸುವವನಿಲ್ಲದ ಲಿಫ್ಟು. ಅವನು ಅಭ್ಯಾಸದಂತೆ ಗುಂಡಿಗಳ ಪಕ್ಕದ ಮೂಲೆಗೆ ನಿಂತ. ನಡುವೆ ಹತ್ತಿದ ಒಬ್ಬ ಮುಖ ನೋಡದೆ "ಎರಡು" ಎಂದ, ಅವನು ಎರಡನ್ನು ಒತ್ತಿದ. ಅಕ್ಕ ಎಲ್ಲರ ಹಾಗೆ ಬಾಗಿಲ ಕಡೆ ತಿರುಗಿ ನಿಂತಿದ್ದಳು. ಅವಳ ಬೆನ್ನು ಅವನ ಕಣ್ಣೆದುರಿಗೇ ಇತ್ತು. ಏನೂ ತಿಳಿಯಲಿಲ್ಲ.

ಬಸ್ ನಿಲ್ದಾಣದಲ್ಲಿ, "ಮನೆಗೆ ಬರ್ತೀಯಾ? ಮೂರು ಮಹಡಿ ಹತ್ತಬೇಕು," ಎಂದು ಕೇಳಿದ.

"ನನ್ನ ಮಂಡಿ ಕೇಳಲ್ಲ."

ಬಸ್ಸು ಬಂತು. ಹತ್ತುವ ಮೊದಲು ಅವಳು ಅವನ ಕಾಲರನ್ನು ಸರಿಮಾಡಿದಳು. "ಜ್ವರ ಬಂದ್ರೆ ಹೊದ್ದುಕೊಂಡು ಮಲಗು," ಎಂದಳು. ಅವನು ಕಾದ. ಮಾತಿನ ಕೊನೆಗೆ ಅವಳು ಮೊದಲಿನಂತೆ ಗಿಡ್ಡ ಎಂದು ಸೇರಿಸಲಿಲ್ಲ. ಅಣ್ಣನ ಹೆಸರನ್ನೂ ಹೇಳಲಿಲ್ಲ. ಹತ್ತಿ, ಆ ಬದಿಯ ಕಿಟಕಿಗೆ ಕೂತಳು.

ಮೆಟ್ಟಿಲು ಹತ್ತಲು ಅವನಿಗೆ ಕಾಲು ಗಂಟೆ ಹಿಡಿಯಿತು. ದರ್ಜಿಯ ಅಂಗಡಿಗೆ ಬೀಗ ಹಾಕಿತ್ತು. ಸಂಜೆ ಆರಕ್ಕೆ ಗುಳ್ಳೆಯ ಸುತ್ತ ಅಂಗೈಯಗಲ ಕೆಂಪಾಗಿತ್ತು, ಮುಟ್ಟಿದರೆ ಬಿಸಿ. ಥರ್ಮಾಮೀಟರು ಇಟ್ಟುಕೊಂಡು ಕೂತ. ನೂರು, ಮೇಲೆರಡು ಗೆರೆ. ಆಸ್ಪತ್ರೆಯವರು ಕೊಟ್ಟ ಪುಸ್ತಕದಲ್ಲಿ ಬರೆದ. ಪ್ರತಿ ಪುಟದ ತಲೆಯಲ್ಲೂ ಅಣ್ಣನ ಹೆಸರು ಅಚ್ಚಾಗಿತ್ತು. ಅಕ್ಷರ ಒಂದೂ ತಪ್ಪಿರಲಿಲ್ಲ.

ಏಳಕ್ಕೆ ಫೋನು ಬಂತು. ಬೇರೆ ನರ್ಸ್, ಬೇರೆ ದನಿ. ಹೆಸರು ಕೇಳಿದಳು. ಹೇಳಿದ. ಹುಟ್ಟಿದ ದಿನ ಕೇಳಿದಳು. ಹೇಳಿ, "ಮಂಗಳವಾರ," ಎಂದೂ ಸೇರಿಸಿದ.

"ವಾರ ಬೇಡ ಸಾರ್. ಜ್ವರ ಎಷ್ಟಿದೆ?"

ಹೇಳಿದ.

"ಪರವಾಗಿಲ್ಲ, ಅಷ್ಟು ಬರುತ್ತೆ. ಜೊತೆಗೆ ಯಾರಿದ್ದಾರೆ?"

"ಅಕ್ಕ."

"ಅವರಿಗೆ ಕೊಡಿ ಫೋನು, ಒಂದೆರಡು ವಿಷಯ ಹೇಳಬೇಕು."

"ಕೆಳಗೆ ಹೋಗಿದಾಳೆ. ಏನಿದ್ರೂ ನನಗೇ ಹೇಳಿ, ನಾನು ಹೇಳ್ತೀನಿ."

ನರ್ಸ್ ಹೇಳಿದಳು. ನೂರೆರಡು ದಾಟಿದರೆ ಫೋನು ಮಾಡಬೇಕು. ಉಸಿರು ಕಟ್ಟಿದರೆ ಕಾಯದೆ ಕರೆತರಬೇಕು. ಎರಡು ಗಂಟೆಗೊಮ್ಮೆ ಮಾತಾಡಿಸಿ ನೋಡಬೇಕು, ಹೆಸರು ಹಿಡಿದು ಕರೆದರೆ ಓಗೊಡುತ್ತಾರಾ ಅಂತ. ಅವನು ಪ್ರತಿಯೊಂದಕ್ಕೂ ಹೂಂ ಎಂದ. ಪುಸ್ತಕದ ಅಂಚಿನಲ್ಲಿ ಒಂದೊಂದಾಗಿ ಬರೆದುಕೊಂಡ. ಫೋನು ಇಟ್ಟಮೇಲೆ ಗಡಿಯಾರ ನೋಡಿ, ಒಂಬತ್ತಕ್ಕೆ ಅಲಾರಾಂ ಇಟ್ಟು, ಹೊದ್ದುಕೊಂಡು ಮಲಗಿದ.